ಪಂಪಿನ ಸವೆದ ವಾಶರು

1986ರ ಏಪ್ರಿಲ್. ಹೊನ್ನಾವರದ ಸಮೀಪದ ನಮ್ಮ ತೋಟದಲ್ಲಿ ಅಡಿಕೆ ಸಸಿಗಳು ಬಾಡತೊಡಗಿದ್ದವು. ಬಾವಿಯಲ್ಲಿ ನೀರಿತ್ತು, ಪಂಪೂ ಓಡುತ್ತಿತ್ತು. ನೀರು ಮಾತ್ರ ಮೇಲೇರುತ್ತಿರಲಿಲ್ಲ. ಮೋಟಾರೇ ಕೆಟ್ಟಿತೆಂದು ಭಾವಿಸಿ, ಹೊಸದಕ್ಕಾಗಿ ಸಾಲದ ಅರ್ಜಿಯನ್ನೂ ತಂದಿಟ್ಟಿದ್ದೆ.

ಕುಮಟೆಯಿಂದ ಬಂದ ಮೆಕ್ಯಾನಿಕರು ಮೋಟಾರನ್ನು ಮುಟ್ಟಲೇ ಇಲ್ಲ. ಬಾವಿಗಿಳಿಯುವ ಪೈಪಿನ ಜೋಡಣೆಯ ಬೋಲ್ಟುಗಳನ್ನು ಬಿಚ್ಚಿ, ಒಳಗಿನ ರಬ್ಬರ್ ವಾಶರನ್ನು ನನ್ನ ಅಂಗೈ ಮೇಲಿಟ್ಟರು. ಒಂದು ಕಡೆ ಸವೆದು ಬಿರುಕು ಬಿಟ್ಟಿತ್ತು. “ಮಾಸ್ತರೇ, ಇಲ್ಲಿ ಗಾಳಿ ಎಳೀತದೆ. ನೀರು ಹ್ಯಾಂಗೆ ಬರ್ತದೆ?” ಎಂದರು.

ಆಗ ನನ್ನ ತರಗತಿಯಲ್ಲಿದ್ದವರು ಈಗ ನಗಬಹುದು. ಪೈಪಿನೊಳಗೆ ಒತ್ತಡ ತಗ್ಗಿದಾಗ ಹೊರಗಿನ ವಾಯುಭಾರವೇ ನೀರನ್ನು ಮೇಲಕ್ಕೆ ತಳ್ಳುವುದೆಂದು ವರ್ಷವರ್ಷವೂ ಚಿತ್ರ ಬರೆದು ಕಲಿಸುತ್ತಿದ್ದವನು ನಾನು! ಅದೇ ಜನವರಿ 28ರಂದು ಚಾಲೆಂಜರ್ ನೌಕೆಯಲ್ಲಿ ಏಳು ಮಂದಿ ಮಡಿದಿದ್ದರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾಶಿಕ್ಷಕಿಯೂ ಒಬ್ಬರು. ಚಳಿಗೆ ಪೆಡಸಾಗುವ ರಬ್ಬರ್ ಉಂಗುರದ ದೋಷವನ್ನು ವಿಜ್ಞಾನಿ ಫೈನ್‌ಮನ್ ಮಂಜುಗಡ್ಡೆಯ ನೀರಿನಲ್ಲದ್ದಿ ತೋರಿಸಿದ್ದನ್ನು ತರಗತಿಯಲ್ಲಿ ಬಣ್ಣಿಸಿಯೂ ಇದ್ದೆ. ಮನೆಯ ಬಾವಿಯ ಬಳಿ ಮಾತ್ರ ಅದೊಂದೂ ನೆನಪಾಗಲಿಲ್ಲ.

ಹೊಸ ವಾಶರು ಕೂರಿಸಿ, ಬೋಲ್ಟು ಬಿಗಿದು, ಪಂಪಿಗೆ ನೀರು ತುಂಬಿ ಗುಂಡಿ ಒತ್ತಿದರು. ಸಂಜೆಯೊಳಗೆ ತೋಟವೆಲ್ಲ ತೊಯ್ದಿತು. ನಾನು ಮೋಟಾರನ್ನು ದೂರುತ್ತ ಕಳೆದ ದಿನಗಳಲ್ಲಿ ಒಣಗಿದ್ದ ಕೆಲವು ಸಸಿಗಳು ಮಾತ್ರ ಮತ್ತೆ ಚಿಗುರಲಿಲ್ಲ.