ಹೊಳಪಿಗಿಂತ ತೊಟ್ಟು ನೋಡಿ

ಪ್ರಿಯ ಗೆಳತಿ,

ನಿಪ್ಪಾಣಿಯ ಸಂತೆಯಲ್ಲಿ ದ್ರಾಕ್ಷಿ ಕೊಳ್ಳುವಾಗ ಏನು ನೋಡಬೇಕು ಎಂದು ಕೇಳಿದ್ದೀರಿ. ಅಥಣಿ, ಕಾಗವಾಡದ ತೋಟಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಕಟಾವಿನ ಕಾಲ. ಚಿಕ್ಕೋಡಿ, ರಾಯಬಾಗದ ಗಾಡಿಗಳಲ್ಲೂ ಆಗ ದ್ರಾಕ್ಷಿಯದೇ ರಾಶಿ.

ನಮ್ಮ ಕಣ್ಣು ಮೊದಲು ಹೋಗುವುದು ದಪ್ಪ ಮಣಿಗೆ. ಅಂಥದ್ದಕ್ಕೇ ಹೆಚ್ಚು ದರ. ಅದಕ್ಕಾಗಿಯೇ ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರಿದ ನಂತರ ರೈತರು ಗೊನೆಗಳನ್ನು ಜಿಬ್ರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುತ್ತಾರೆ. ಬೀಜವಿಲ್ಲದ ಥಾಮ್ಸನ್ ತಳಿಯ ಮಣಿ ಹಿಗ್ಗಲು ಅದು ಬೇಕು. ಅತಿಯಾದರೆ ಮಾತ್ರ ಸಿಪ್ಪೆ ದಪ್ಪವಾಗುತ್ತದೆ. ಆದ್ದರಿಂದ ಗಾತ್ರ ನೋಡಿ ರುಚಿ ಅಳೆಯಬೇಡಿ.

ಬಣ್ಣವೂ ಹಾಗೆಯೇ. ಹಚ್ಚಹಸಿರು ಎಂದರೆ ತಾಜಾ ಎಂದುಕೊಳ್ಳುತ್ತೇವೆ. ಆದರೆ ಸಿಹಿ ತುಂಬಿದ ಥಾಮ್ಸನ್ ಸ್ವಲ್ಪ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ತಾಜಾತನ ತಿಳಿಯಲು ತೊಟ್ಟು, ಕಡ್ಡಿ ನೋಡಿ. ಕಡ್ಡಿ ಹಸಿರಾಗಿ ಬಾಗುವಂತಿದ್ದರೆ ಕೊಯ್ದು ಬಹಳ ದಿನವಾಗಿಲ್ಲ. ಕಂದಾಗಿ ಪಟ್ಟನೆ ಮುರಿದರೆ, ಗೊನೆ ಎತ್ತಿದಾಗ ಮಣಿ ಉದುರಿದರೆ, ಅದು ಹಳೆಯ ಮಾಲು.

ಮಣಿಯ ಮೇಲಿನ ಬಿಳಿ ಪುಡಿ ಕಂಡು ಔಷಧಿ ಎಂದು ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಎಲ್ಲ ಮಣಿಗಳ ಮೇಲೂ ಸಮನಾಗಿ, ತೆಳುವಾಗಿ ಹಬ್ಬಿದ್ದರೆ ಅದು ಹಣ್ಣೇ ಹೊದ್ದ ಮೇಣ. ಒಳಗಿನ ನೀರು ಆರದಂತೆ ಅದು ಕಾಯುತ್ತದೆ. ಕೈ ಹೆಚ್ಚು ತಗುಲಿದಷ್ಟೂ ಅಳಿಸಿ ಮಣಿ ಹೊಳೆಯತೊಡಗುತ್ತದೆ. ಸಿಂಪರಣೆಯ ಗುರುತು ಹನಿಹನಿಯಾಗಿ, ಕಲೆಕಲೆಯಾಗಿ ಇರುತ್ತದೆ. ಆದರೆ ಕಣ್ಣಿಗೆ ಕಾಣದ ಔಷಧಿಯೂ ಉಳಿದಿರಬಹುದು. ತಿನ್ನುವ ಮುನ್ನ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತಂದ ಕೂಡಲೇ ತೊಳೆದಿಟ್ಟರೆ ಬೇಗ ಕೆಡುತ್ತದೆ.

ಇನ್ನು ರುಚಿ. ಬಾಳೆ, ಮಾವು ಕೊಯ್ದ ಮೇಲೂ ಮಾಗುತ್ತವೆ; ದ್ರಾಕ್ಷಿ ಮಾಗುವುದಿಲ್ಲ. ಬಳ್ಳಿಯಲ್ಲಿ ಬಂದಷ್ಟೇ ಸಿಹಿ. ಹುಳಿ ಗೊನೆಯನ್ನು ಮನೆಯಲ್ಲಿ ಎಷ್ಟು ದಿನ ಇಟ್ಟರೂ ಹುಳಿಯೇ. ಅಂಗಡಿಯವರು ರುಚಿಗೆ ಮೇಲಿನ ಮಣಿ ಕೊಟ್ಟರೆ, ಗೊನೆಯ ತುದಿಯದು ಕೊಡಿ ಎನ್ನಿ. ತುದಿಯ ಮಣಿ ಕೊನೆಗೆ ಸಿಹಿಯಾಗುತ್ತದೆ. ಅದು ಸಿಹಿಯಾಗಿದ್ದರೆ ಇಡೀ ಗೊನೆಯನ್ನು ನಂಬಬಹುದು.

ದರ ಇಳಿಯುವ ಮೊದಲೇ ಮಾರಬೇಕೆಂದು ಅರೆಮಾಗಿದ ಗೊನೆ ಕೊಯ್ಯುವ ಒತ್ತಡ ರೈತರಿಗಿದೆ. ನಾವು ಗಾತ್ರ ಕೇಳಿದರೆ ಗಾತ್ರವನ್ನೇ ಬೆಳೆಯುತ್ತಾರೆ. ಸಿಹಿ ಕೇಳಿದರೆ ಇನ್ನೊಂದು ವಾರ ಬಳ್ಳಿಯಲ್ಲಿ ಬಿಡಲು ಅವರಿಗೂ ಧೈರ್ಯ ಬರುತ್ತದೆ. ಸಣ್ಣ ಮಣಿಯ ಸಿಹಿ ಗೊನೆಗೂ ಒಳ್ಳೆಯ ದರ ಕೊಡಿ.

ಇಂತಿ ನಿಮ್ಮ ಪ್ರೀತಿಯ,
ಗೆಳತಿ