ದಾಳಿಂಬ್ರ ಕೆಂಪಿಗೆ ಎಷ್ಟು ನಂಬರು?

"ಸ್ಕ್ರೀನಲ್ಲಿ ಇರೋ ಥರಾನೇ ಪ್ರಿಂಟ್ ಬರ್ಲಿ" ಅಂತ ಕ್ಲೈಂಟ್ ಮೇಲ್ ಮಾಡಿದರೆ ನಾನು ಮೊದಲು ಎದ್ದು ಹೋಗಿ ಒಂದು ಕಾಫಿ ಕುಡಿದು ಬರುತ್ತೇನೆ. ಯಾರ ಸ್ಕ್ರೀನು? ಅವರ ಲ್ಯಾಪ್‌ಟಾಪಾ, ಬಾಸಿನ ಹಳೇ ಮಾನಿಟರಾ, ನೈಟ್ ಮೋಡ್ ಹಾಕಿ ಅರಿಶಿನ ಬಳಿದಂತಾದ ಫೋನಾ? ಸ್ಕ್ರೀನು ತಾನೇ ಬೆಳಕು ಚೆಲ್ಲಿ ಬಣ್ಣ ತೋರಿಸುತ್ತೆ. ಕಾಗದದ ಮೇಲಿನ ಶಾಯಿ, ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗಿ ಉಳಿದದ್ದನ್ನು ವಾಪಸ್ ಕೊಡುತ್ತೆ. ಎರಡೂ ಒಂದೇ ಥರ ಇರಬೇಕು ಅನ್ನೋದು ಟ್ಯೂಬ್‌ಲೈಟಿಗೂ ಗೋಡೆಯ ಸುಣ್ಣಕ್ಕೂ ಜಾತಕ ಕೂಡಿಸಿದ ಹಾಗೆ.

ಹಾಗಂತ ಕೈಕಟ್ಟಿ ಕೂರೋಕಾಗಲ್ಲ. ಕಳೆದ ವರ್ಷ ಇಳಕಲ್ ಸೀರೆ ಮಾರುವ ಒಂದು ಕುಟುಂಬದ ಕ್ಯಾಟಲಾಗ್ ನನ್ನ ಟೇಬಲ್ಲಿಗೆ ಬಂತು. ವ್ಯವಹಾರ ನೋಡಿಕೊಳ್ಳುವ ಅಕ್ಕ ಒಂದು ಚೀಲದಲ್ಲಿ ಎಂಟು ಸೀರೆ, ಜೊತೆಗೆ ಬೇರೆ ಯಾರೋ ಮಾಡಿಕೊಟ್ಟಿದ್ದ ಹಿಂದಿನ ಕ್ಯಾಟಲಾಗೂ ಹೊತ್ತು ತಂದಿದ್ದರು.

"ನೋಡ್ರಿ ಇಲ್ಲೆ. ನಮ್ದು ದಾಳಿಂಬ್ರ ಕೆಂಪು. ಇದು ಇಟ್ಟಂಗಿ ಆಗ್ಯದ. ಬುಕ್ಕ ನೋಡಿ ಆರ್ಡರ್ ಮಾಡ್ತಾರ, ಸೀರಿ ಕೈಗೆ ಬಂದ್ ಮ್ಯಾಲೆ ಬಣ್ಣ ಬ್ಯಾರೆ ಅಂತ ಹೊಳ್ಳಿ ಕಳಸ್ತಾರ. ನೇಯ್ದವ್ರಿಗೆ ಏನ್ ಹೇಳ್ಲಿ ನಾ?"

ವಾಪಸ್ ಬರುವ ಸೀರೆಯ ಕೊರಿಯರ್ ಖರ್ಚು ಅವರದೇ. ಮಡಿಕೆ ಬಿಚ್ಚಿದ ಸೀರೆಯನ್ನು ಮತ್ತೆ ಅದೇ ಬೆಲೆಗೆ ಮಾರೋದು ಕಷ್ಟ. ಮುಂದಿನ ತಿಂಗಳು ನೇಕಾರರಿಗೆ ಕೊಡುವ ಆರ್ಡರು ಅಷ್ಟು ಕಮ್ಮಿ. "ಕಲರ್ ಸ್ವಲ್ಪ ಡಲ್ ಬಂದಿದೆ" ಅಂತ ನಾವು ಹಗುರವಾಗಿ ಹೇಳಿಬಿಡುತ್ತೇವಲ್ಲ, ಆ ಸ್ವಲ್ಪದ ಬಿಲ್ಲು ಹೋಗೋದು ಮಗ್ಗಕ್ಕೆ.

ಕೆಂಪು ಅಂದ್ರೆ ಯಾವ ಕೆಂಪು ಅನ್ನೋ ಜಗಳ ತೀರಿಸೋಕೆ ಅಂತಲೇ ಜನ ಕೂತು ಲೆಕ್ಕ ಹಾಕಿದ್ದಾರೆ. 1976ರ ಸಿಐಇ ಲ್ಯಾಬ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಂಕೆ: ಎಷ್ಟು ತಿಳಿ, ಹಸಿರು-ಕೆಂಪಿನ ನಡುವೆ ಎಲ್ಲಿ, ನೀಲಿ-ಹಳದಿಯ ನಡುವೆ ಎಲ್ಲಿ. ಎರಡು ಬಣ್ಣಗಳ ನಡುವಿನ ದೂರಕ್ಕೆ ಡೆಲ್ಟಾ ಇ ಅಂತ ಹೆಸರು. ಅದು 1ರ ಆಸುಪಾಸಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳೋದೇ ಕಷ್ಟ. 1993ರಲ್ಲಿ ಆಪಲ್, ಅಡೋಬಿ, ಕೊಡಾಕ್, ಮೈಕ್ರೋಸಾಫ್ಟ್ ಮುಂತಾದ ಕಂಪನಿಗಳು ಸೇರಿ ಐಸಿಸಿ ಅನ್ನೋ ಕೂಟ ಕಟ್ಟಿದವು. ಮಾನಿಟರು, ಪ್ರಿಂಟರುಗಳು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯಲಿ ಅಂತ ಬಳಸುವ ಪ್ರೊಫೈಲ್ ಫೈಲು ಆ ಕೂಟದ ಕೂಸು. ಆಫ್‌ಸೆಟ್ ಪ್ರೆಸ್ಸಿಗೆ ಐಎಸ್‌ಒ 12647-2 ಇದೆ: ಇಂಥ ಕಾಗದದ ಮೇಲೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂತಿಷ್ಟೇ ಬರಬೇಕು, ಆಚೀಚೆ ಆದರೂ ಡೆಲ್ಟಾ ಇ 5 ದಾಟಬಾರದು. ನಮ್ಮ ಬಾವುಟಕ್ಕೂ ಇಂಥದ್ದೇ ಲೆಕ್ಕ ಉಂಟು. ಭಾರತೀಯ ಮಾನಕಗಳಲ್ಲಿ ಐಎಸ್ 1 ಅಂದ್ರೆ ರಾಷ್ಟ್ರಧ್ವಜ. ಕೇಸರಿ, ಹಸಿರುಗಳೂ ಅದರಲ್ಲಿ ಅಂಕೆಗಳಾಗಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಮಾಡೋರು "ಅಂದಾಜು ಕೇಸರಿ" ಅಂದರೆ ನಡೆಯಲ್ಲ.

ಇಷ್ಟೆಲ್ಲ ಹೇಳಿ ನಾನು ಅಕ್ಕನಿಗೆ ಪ್ರೂಫ್ ತೋರಿಸಿದೆ. ಮಾಮೂಲಿ ಪ್ರಿಂಟೌಟ್ ಅಲ್ಲ, ಪ್ರೆಸ್ಸಿನ ಪ್ರೊಫೈಲಿಗೆ ಹೊಂದಿಸಿ ತೆಗೆದು, ಅಂಚಿನ ಬಣ್ಣದ ಪಟ್ಟಿಯನ್ನು ಮೀಟರಿನಲ್ಲಿ ಅಳೆದು ಪಾಸ್ ಮಾಡಿದ್ದು. ರಿಸೆಪ್ಷನ್ನಿನ ಹಳದಿ ದೀಪದಡಿ ನೋಡಿ ಅವರು ತಲೆಯಾಡಿಸಿದರು. ಒಳಗೆ ಲೈಟ್ ಬೂತಿಗೆ ಕರಕೊಂಡು ಹೋದೆ. ಬೂದು ಗೋಡೆ, 5000 ಕೆಲ್ವಿನ್ ಬೆಳಕು; ಐಎಸ್‌ಒ 3664 ಹೇಳೋದು ಇದನ್ನೇ. ಅಲ್ಲಿ ಸೆರಗೂ ಪ್ರೂಫೂ ಅಕ್ಕತಂಗಿಯರ ಹಾಗೆ ಕಂಡವು. ನನಗೆ ಖುಷಿ. ಅಕ್ಕ ಮಾತ್ರ ಎರಡನ್ನೂ ಎತ್ತಿಕೊಂಡು ಸೀದಾ ರಸ್ತೆಗೆ ಇಳಿದು ಬಿಸಿಲಲ್ಲಿ ನೋಡಿದರು, ಆಮೇಲೆ ಪಕ್ಕದ ಬೇಕರಿಯ ಟ್ಯೂಬ್‌ಲೈಟಿನಡಿ ನೋಡಿದರು.

"ಸೀರಿ ಉಡೋದು ನಿಮ್ಮ ಪೆಟ್ಟಿಗ್ಯಾಗಲ್ರೀ, ಲಗ್ನದ ಮನ್ಯಾಗ."

ಒಪ್ಪಲೇಬೇಕಾದ ಮಾತು. ನೂಲಿನ ಬಣ್ಣವೂ ಶಾಯಿಯೂ ಬೆಳಕನ್ನು ನುಂಗುವ ರೀತಿಯೇ ಬೇರೆ. ಒಂದು ದೀಪದಡಿ ಜೋಡಿಯಾಗಿ ಕಂಡವು ಇನ್ನೊಂದರಡಿ ಜಗಳ ಆಡುತ್ತವೆ. ಇದಕ್ಕೆ ಮೆಟಮೆರಿಸಂ ಅಂತಾರೆ. ಯಾವ ಪ್ರೊಫೈಲೂ ಇದನ್ನು ಪೂರ್ತಿ ಗೆಲ್ಲಲ್ಲ. ಸ್ಟ್ಯಾಂಡರ್ಡ್ ಬೆಳಕು ಇರೋದು ಅದು ಸತ್ಯದ ಬೆಳಕು ಅಂತಲ್ಲ, ಪ್ರೆಸ್ಸಿನವನೂ ನಾನೂ ಅಕ್ಕನೂ ಒಂದೇ ಕಡೆ ನಿಂತು ವಾದ ಮಾಡಲಿ ಅಂತ. ಹೀಗಂತ ಹೇಳಿದ ಮೇಲೆ ಅವರು ಬೂತಿನ ಮುಂದೆ ಇನ್ನೊಂದು ಗಂಟೆ ಕೂತು, ಕೆಂಪನ್ನು ಎರಡು ಸಲ ತಿದ್ದಿಸಿ, ಮೂರನೇ ಪ್ರೂಫಿಗೆ ಸಹಿ ಹಾಕಿದರು.

ಪ್ರೆಸ್ಸಿನ ರಾತ್ರಿಯ ಬಗ್ಗೆ ಹೆಚ್ಚು ಹೇಳಲ್ಲ, ಪ್ರಿಂಟಿಂಗ್ ಕಂಡವರಿಗೆಲ್ಲ ಗೊತ್ತು: ಶಾಯಿ ವಾಸನೆ, ಸೊಳ್ಳೆ, ಆರಿದ ಚಹಾ. ಮಷೀನ್‌ಮ್ಯಾನ್ ಒಳ್ಳೇ ಕೈಯವರು. ಹಸಿ ಶೀಟು ನೋಡಿ, "ಮೇಡಂ, ಸೀರೆ ಎದ್ದು ಕಾಣ್ಲಿ, ಮಜೆಂಟಾ ಸ್ವಲ್ಪ ಏರಿಸ್ಲಾ?" ಅಂದರು. ಇಪ್ಪತ್ತು ವರ್ಷದ ಕಣ್ಣು ಅದು, ಗೌರವ ಇದೆ. ಆದರೆ ರಾತ್ರಿ ಒಂದು ಗಂಟೆಗೆ ಯಾರ ಕಣ್ಣೂ ಸುಸ್ತಾಗಿರುತ್ತೆ, ಮೀಟರು ಸುಸ್ತಾಗಲ್ಲ. ಅಲ್ಲದೆ ಶಾಯಿಯ ಕೀ ಒಂದು ಏರಿಸಿದರೆ ಆ ಸಾಲಿನಲ್ಲಿ ಮೇಲೆ ಕೆಳಗೆ ಇರುವ ಪುಟಗಳೆಲ್ಲ ಏರುತ್ತವೆ. ದಾಳಿಂಬ್ರ ಚೆಂದ ಆಗಿ, ಕೆಳಗಿನ ಪುಟದ ಹುಡುಗಿಯ ಮುಖಕ್ಕೆ ಜ್ವರ ಬಂದಿರುತ್ತೆ. ಪಟ್ಟಿ ಅಳೆದೆವು, ಪ್ರೂಫಿನ ಪಕ್ಕ ಇಟ್ಟು ನೋಡಿದೆವು, ಏರಿಸಲಿಲ್ಲ.

ಗಿಳಿಹಸಿರು ಮಾತ್ರ ಯಾವ ಮಾತಿಗೂ ಬಗ್ಗಲಿಲ್ಲ. ಆ ಹೊಳಪು ನಾಲ್ಕು ಶಾಯಿಗಳ ಅಳವಿಗೆ ಸಿಗದ್ದು. ಸಯಾನಿಗೆ ಹಳದಿ ಎಷ್ಟು ಬೆರೆಸಿದರೂ ಮಂಕು. ಐದನೇ ಶಾಯಿ ಹಾಕಬಹುದಿತ್ತು, ಬಜೆಟ್ಟಿರಲಿಲ್ಲ. ಪ್ರೂಫಿನ ಹಂತದಲ್ಲೇ ಅಕ್ಕನಿಗೆ ಇದನ್ನು ನೇರವಾಗಿ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪುಟದಾಗ ಒಂದ್ ಸಣ್ಣ ಚೌಕ ಖಾಲಿ ಬಿಡ್ರಿ" ಅಂದರು.

ಕ್ಯಾಟಲಾಗ್ ಕಟ್ಟುಗಳು ಊರಿಗೆ ಹೋದ ಮೇಲೆ, ಮನೆಮಂದಿ ಎಲ್ಲ ಕೂತು ಎಂಟುನೂರು ಪ್ರತಿಗಳ ಆ ಚೌಕಕ್ಕೂ ಒಂದೊಂದು ಎಳೆ ಗಿಳಿಹಸಿರು ನೂಲು ಅಂಟಿಸಿದರಂತೆ. ನನಗೊಂದು ಪ್ರತಿ ಕಳಿಸಿದ್ದಾರೆ. ನೂಲು ಸ್ವಲ್ಪ ಸೊಟ್ಟ ಇದೆ.