ಬಿಲ್ಲು ಕಲಿಸಿದ ಪಾಠ



ಮುಂದೆ ಏನಾಗುವಿರಿ ಎಂದು ಕೇಳಿದರೆ ನಿಮ್ಮಲ್ಲಿ ಹಲವರು ಡಾಕ್ಟರ್ ಎನ್ನುವಿರಿ, ಕೆಲವರು ನರ್ಸ್ ಎನ್ನುವಿರಿ. ಆಸ್ಪತ್ರೆ, ಔಷಧಗಳ ಹಣಕಾಸಿನ ಕುರಿತು ಬರೆಯುವ ಪತ್ರಕರ್ತನಾಗುತ್ತೇನೆ ಎಂದವರನ್ನು ನಾನು ಕಂಡಿಲ್ಲ. ನಾನೂ ಹಾಗೆ ಹೇಳಿದವನಲ್ಲ. ನನ್ನನ್ನು ಈ ಕೆಲಸಕ್ಕೆ ತಂದದ್ದು ಒಂದು ಬಿಲ್ಲು.

ಕಾಸರಗೋಡಿನ ಹಳ್ಳಿಯೊಂದರಲ್ಲಿ ನಮ್ಮದು ಚಿಕ್ಕ ಅಡಿಕೆ ತೋಟ. ನಾನು ಪತ್ರಿಕೆಯೊಂದರಲ್ಲಿ ಅಡಿಕೆ, ಕಾಳುಮೆಣಸಿನ ಧಾರಣೆ ಬರೆಯುತ್ತಿದ್ದೆ. 2015ರಲ್ಲಿ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಸ್ಟೆಂಟ್ ಎಂದರೆ ಕಟ್ಟಿಕೊಂಡ ರಕ್ತನಾಳವನ್ನು ತೆರೆದು ಹಿಡಿಯುವ ಪುಟ್ಟ ಜಾಲರಿ ಕೊಳವೆ. ಅದೊಂದಕ್ಕೇ ಲಕ್ಷ ರೂಪಾಯಿ ಮೀರಿತು. ಅಮ್ಮನ ಬಳೆಗಳು ಬ್ಯಾಂಕಿನಲ್ಲಿ ಅಡವು ಕುಳಿತವು. ಅಪ್ಪ ಬದುಕಿದರು, ವೈದ್ಯರ ಉಪಕಾರವನ್ನು ನಾವು ಮರೆತಿಲ್ಲ. ಆದರೆ ಅಡಿಕೆಗೆ ಇಂದು ಎಷ್ಟು, ನಿನ್ನೆ ಎಷ್ಟು ಎಂದು ದಿನವೂ ಅಚ್ಚು ಹಾಕುವ ನಾವು, ಜೀವ ಉಳಿಸುವ ವಸ್ತುವಿನ ಬೆಲೆಯನ್ನು ಏಕೆ ವಿಚಾರಿಸುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅಂದಿನಿಂದ ಓದತೊಡಗಿದೆ. ಔಷಧಗಳ ಬೆಲೆ ನೋಡಿಕೊಳ್ಳಲು 1997ರಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಸ್ಥಾಪನೆಯಾಗಿತ್ತು. ಸ್ಟೆಂಟಿನ ಬೆಲೆಯ ಕುರಿತು ವಕೀಲ ಬೀರೇಂದರ್ ಸಾಂಗ್ವಾನ್ ದೆಹಲಿ ಹೈಕೋರ್ಟಿಗೆ ಹೋದರು. 2016ರಲ್ಲಿ ಸ್ಟೆಂಟ್ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. 2017ರ ಫೆಬ್ರವರಿಯಲ್ಲಿ ಪ್ರಾಧಿಕಾರವು ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ ಗರಿಷ್ಠ ಬೆಲೆಯೆಂದು ಗೊತ್ತುಮಾಡಿತು.

ನಮ್ಮ ಪತ್ರಿಕೆಗೆ ಆ ಸುದ್ದಿ ಬರೆದವನು ನಾನೇ. 'ಹೃದಯ ಚಿಕಿತ್ಸೆ ಅಗ್ಗ' ಎಂದು ಉತ್ಸಾಹದಿಂದ ಶೀರ್ಷಿಕೆ ಕೊಟ್ಟೆ. ಸಂಪಾದಕರು ಅದರ ಮೇಲೆ ಕೆಂಪು ಗೀಟು ಎಳೆದು, "ಇಳಿದದ್ದು ಸ್ಟೆಂಟಿನ ಬೆಲೆ. ತೆರಿಗೆ, ಕೊಠಡಿ ಬಾಡಿಗೆ, ಚಿಕಿತ್ಸೆಯ ಶುಲ್ಕ ಇಳಿಯಿತೇನಯ್ಯಾ? ನಿನ್ನ ಮಾತು ನಂಬಿ ಯಾರಾದರೂ ಕಡಿಮೆ ದುಡ್ಡು ಹಿಡಿದು ಆಸ್ಪತ್ರೆಗೆ ಹೋದರೆ?" ಎಂದರು. ನಾನು ತಲೆ ತಗ್ಗಿಸಿದೆ.

ಈ ವೃತ್ತಿಗೆ ವೈದ್ಯ ಪದವಿಯೇ ಬೇಕೆಂದಿಲ್ಲ. ವಿಜ್ಞಾನದ ತಿಳಿವಳಿಕೆ, ವಾಣಿಜ್ಯದ ಲೆಕ್ಕ, ಒಳ್ಳೆಯ ಭಾಷೆ ಬೇಕು. ಸರಕಾರದ ಆದೇಶ, ಕಂಪೆನಿಯ ವಾರ್ಷಿಕ ವರದಿ, ವಿಮೆಯ ಷರತ್ತುಗಳನ್ನು ಓದುವ ತಾಳ್ಮೆ ಬೇಕು. ದಿನಪತ್ರಿಕೆ, ವಾಣಿಜ್ಯ ಪತ್ರಿಕೆ, ವೈದ್ಯಕೀಯ ಪುಸ್ತಕಗಳ ಪ್ರಕಾಶನ ಸಂಸ್ಥೆ ಇಲ್ಲೆಲ್ಲ ಕೆಲಸವಿದೆ. ಪುಸ್ತಕದ ಕರಡು ತಿದ್ದುವವನ ಹೊಣೆಯೂ ಸಣ್ಣದಲ್ಲ. ಒಂದು ದಶಮಾಂಶ ಬಿಂದು ಜಾರಿದರೆ ಔಷಧದ ಪ್ರಮಾಣ ಹತ್ತು ಪಟ್ಟಾದೀತು. ಇನ್ನೊಂದು ಮಾತು: ಕಂಪೆನಿಯ ಉಡುಗೊರೆ ಪಡೆದು ಬರೆದದ್ದು ವರದಿಯಲ್ಲ, ಜಾಹೀರಾತು.

ಸುದ್ದಿ ಅಚ್ಚಾದ ದಿನ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತಮ್ಮ ಬರಿಗೈಯನ್ನೊಮ್ಮೆ ನೋಡಿಕೊಂಡು, "ಇದನ್ನು ಮೊದಲೇ ಬರೆಯುವವರು ಯಾರೂ ಇರಲಿಲ್ಲವಾ ಮಗಾ?" ಎಂದು ಕೇಳಿದರು. ಇಂಗ್ಲಿಷಿನಲ್ಲಿ ಬರೆದವರು ಇದ್ದರು. ನಮ್ಮ ಮನೆಗೆ, ನಮ್ಮ ಮಾತಿನಲ್ಲಿ ಅದು ಬಂದಿರಲಿಲ್ಲ.

ಆ ಕೆಲಸ ಇನ್ನೂ ಬಾಕಿ ಇದೆ. ನಿಮ್ಮಲ್ಲಿ ಯಾರು ಮಾಡುವಿರಿ?